ಕುರಿಮರಿಯ ಸನ್ನೆ

ನಮ್ಮ ಚರ್ಚಿಗೆ ಕಿವಿ ಕೇಳದ ಇಬ್ಬರು ಬರುತ್ತಾರೆ. ಭಾನುವಾರದ ಪ್ರಸಂಗವನ್ನು ನಾನು ಅವರಿಗೆ ಸನ್ನೆಯಲ್ಲಿ ಹೇಳುತ್ತೇನೆ. ಅದು ದೇವರು ಕೊಟ್ಟ ವರ ಎಂದು ಪಾಸ್ಟರ್ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಮೊನ್ನೆ ಬೇಲೂರಿಗೆ ಕೆಲಸದ ಮೇಲೆ ಹೊರಟವಳು ಅರಸೀಕೆರೆಯಲ್ಲಿ ರೈಲಿಳಿದೆ. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹೆಂಗಸು ಎದೆ ಬಡಿದುಕೊಳ್ಳುತ್ತಿದ್ದಳು.

"ಬರೀ ಕೈ ಆಡಿಸಿದ್ರೆ ನಮಗೆ ಹೆಂಗವ್ವ ಗೊತ್ತಾಗದು? ಬಾಯಿ ಬಿಟ್ಟು ಹೇಳು!" ಎಂದು ಪೊಲೀಸಿನವರು ಕೂಗುತ್ತಿದ್ದರು.

ಆಕೆಗೆ ಕಿವಿ ಕೇಳುವುದಿಲ್ಲವೆಂದು ತಿಳಿದು ನಾನು ಮುಂದೆ ಹೋಗಿ ಸನ್ನೆ ಮಾಡಿದೆ. ಆಕೆಯ ಬೆರಳುಗಳು ಓಡಿದವು. ನೀರು ಹಿಡಿಯಲು ಇಳಿದಿದ್ದಳು, ಅಷ್ಟರಲ್ಲಿ ರೈಲು ಹೊರಟಿತ್ತು, ಮಲಗಿದ್ದ ಮಗಳು ಒಳಗೇ ಉಳಿದಿದ್ದಳು.

ಮಗುವಿನ ಗುರುತು ಕೇಳಬೇಕಿತ್ತು. ಪಾಪ, ಕೃಪೆ, ರಕ್ಷಣೆ ಎಲ್ಲವೂ ನನ್ನ ಕೈಗೆ ಬರುತ್ತಿತ್ತು, ಫ್ರಾಕು ಬರಲಿಲ್ಲ. ಗಾಬರಿಯಲ್ಲಿ ಮಗುವಿನ ಸನ್ನೆಯೂ ಮರೆತು, ನನ್ನ ಸೀರೆ ಹಿಡಿದು ತೋರಿಸುತ್ತಾ, ಯೇಸು ಹೇಳಿದ ಕಥೆಯಲ್ಲಿ ಬರುವಂತೆ 'ಕಳೆದುಹೋದ ಕುರಿಮರಿ, ಯಾವ ಬಣ್ಣ?' ಎಂದುಬಿಟ್ಟೆ. ಆಕೆ ಒಂದು ಕ್ಷಣ ನನ್ನನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಸೆರಗಿನ ಹಳದಿ ಅಂಚನ್ನು ಮುಟ್ಟಿದಳು.

"ಮಗಳು ರೈಲಲ್ಲೇ ಉಳಿದಿದ್ದಾಳೆ ಸರ್, ಹಳದಿ ಬಟ್ಟೆ, ಈಗ ಹೋದ ರೈಲು," ಎಂದು ಪೊಲೀಸರಿಗೆ ಹೇಳಿದೆ.

ಮುಂದಿನ ಸ್ಟೇಷನ್ನು ಬಾಣಾವರಕ್ಕೆ ಫೋನು ಹೋಯಿತು. ಮಗುವನ್ನು ಅಲ್ಲಿ ಇಳಿಸಿಕೊಂಡರು. ಬೇಲೂರಿನ ಕೆಲಸ ಬಿಟ್ಟು ನಾನೂ ಆಕೆಯ ಜೊತೆ ಹೋದೆ. ಮಗಳನ್ನು ಅಪ್ಪಿಕೊಂಡು ಅತ್ತು ಅತ್ತು ಸಾಕಾದ ಮೇಲೆ ಆಕೆ ನನ್ನ ಕಡೆ ತಿರುಗಿ, ಮಗಳನ್ನು ತೋರಿಸಿ, 'ಕುರಿಮರಿ' ಎಂದು ಸನ್ನೆ ಮಾಡಿ ನಕ್ಕಳು. ನನಗೆ ನಗುವೂ ಬಂತು, ಅಳುವೂ ಬಂತು.

ಈಗ ಶನಿವಾರ ಸಂಜೆ ಕಿವುಡ ಮಕ್ಕಳಿಗೆ ಕಲಿಸುವ ಮೇಡಂ ಒಬ್ಬರ ಮನೆಗೆ ಹೋಗಿ ಜ್ವರ, ಟಿಕೆಟ್ಟು, ಆಸ್ಪತ್ರೆ ಎಲ್ಲ ಕಲಿಯುತ್ತಿದ್ದೇನೆ. ಪರಲೋಕದ ಮಾತು ಮೊದಲೇ ಬರುತ್ತಿತ್ತು, ಅರಸೀಕೆರೆಯದ್ದು ಬಾಕಿ ಇತ್ತು ನೋಡಿ.