ಬ್ಯಾಕ್ಟೀರಿಯಾದ ಹುರಿ ಬಿಡಿಸಿದ ಕಿನ್ನಿಯಕ್ಕ

ಜೆಪ್ಪುವಿನ ಕಿನ್ನಿಯಕ್ಕ ಹೊಸೆದ ತೆಂಗಿನ ನಾರಿನ ಹಗ್ಗವೆಂದರೆ ಸಾಮಾನ್ಯವಲ್ಲ. ಅದರಲ್ಲಿ ಕಟ್ಟಿದ ಮಂಜಿಗಳನ್ನು, ಅಂದರೆ ಸರಕಿನ ಹಾಯಿಹಡಗುಗಳನ್ನು, ಎಳೆದೊಯ್ಯಲು ಬಂದ ಬಿರುಗಾಳಿ ಸೋತು, ಕ್ಷಮೆ ಕೇಳಿ, ಕಾಸರಗೋಡಿನ ಕಡೆ ಹೋಗುತ್ತಿತ್ತು. ಬಂದರಿನ ಹಾಶಿಂ ಬ್ಯಾರಿ ಇಪ್ಪತ್ತು ವರ್ಷಗಳಿಂದ ತಮ್ಮ ಮಂಜಿಗಳಿಗೆ ಬೇರೆ ಹಗ್ಗ ಮುಟ್ಟಿದವರಲ್ಲ.

ಅಂಥವಳ ಹೆಸರು ೧೯೬೫ರಲ್ಲಿ, ಕಾಲೇಜೊಂದರ ವಿಜ್ಞಾನ ಪ್ರದರ್ಶನದಲ್ಲಿ, ಕಣ್ಣಿಗೂ ಕಾಣದ ಬ್ಯಾಕ್ಟೀರಿಯಾದ ದೆಸೆಯಿಂದ ಮಣ್ಣುಪಾಲಾಗುವುದರಲ್ಲಿತ್ತು.

ಅಲ್ಲಿಯ ಎಡ್ವಿನ್ ಮಾಸ್ಟ್ರು ಅವಳಿಂದ ಎರಡೆಳೆಯ ಹಗ್ಗ ಹೊಸೆಯಿಸಿ, ತುದಿ ಕೂಡಿಸಿ, ದೊಡ್ಡ ಬಳೆಯಂತೆ ಮಾಡಿಸಿದ್ದರು. ಒಂದೆಳೆಯಲ್ಲಿ ಕೆಂಪು ಬಟ್ಟೆಚೂರು ಇದ್ದಲ್ಲಿ ಎದುರೆಳೆಯಲ್ಲಿ ಹಸಿರು; ಹಳದಿ ಇದ್ದಲ್ಲಿ ನೀಲಿ.

"ಇದು ಬ್ಯಾಕ್ಟೀರಿಯಾದ ಡಿಎನ್‌ಎ. ಎರಡಾಗುವಾಗ ಎಳೆಗಳು ಬಿಚ್ಚಿಕೊಳ್ತವೆ. ಪ್ರತಿ ಹಳೇ ಎಳೆಗೆ ಒಂದು ಹೊಸ ಜೋಡಿ. ಕೆಂಪಿಗೆ ಹಸಿರೇ ಬರಬೇಕು, ಆದ್ದರಿಂದ ನಕಲು ತಪ್ಪುವುದಿಲ್ಲ. ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗ್ತದೆ!"

ಹೀಗೆಂದು ಮಾಸ್ಟ್ರು ಎಳೆಗಳನ್ನು ಬಿಡಿಸಲು ಹೊರಟರು. ಒಂದು ಕಡೆ ಬಿಡಿಸಿದಷ್ಟೂ ಇನ್ನೊಂದು ಕಡೆ ಹುರಿ ಬಿಗಿಯಿತು. ಹಗ್ಗ ಹೆಬ್ಬಾವಿನಂತೆ ಮುರುಟಿ ಅವರ ಟೈಯನ್ನೂ ನುಂಗಿತು. ಯಾವುದು ಡಿಎನ್‌ಎ, ಯಾವುದು ಮಾಸ್ಟ್ರು ಎಂದು ಕೆಲವು ಕ್ಷಣ ಯಾರಿಗೂ ತಿಳಿಯಲಿಲ್ಲ.

"ಎಂತ ಕಿನ್ನಿಯಕ್ಕ, ನಿನ್ನ ಹುರಿಯೇ ಸರಿ ಇಲ್ಲ!" ಎಂದು ಮಾಸ್ಟ್ರು ಬದಿಯಲ್ಲೇ ಕೂತಿದ್ದ ಅವಳ ಮೇಲೆ ರೇಗಿದರು.

ಪ್ರದರ್ಶನ ನೋಡಲು ಬಂದು ಮುಂದೆಯೇ ನಿಂತಿದ್ದ ಹಾಶಿಂ ಬ್ಯಾರಿಯ ಹುಬ್ಬು ಮೇಲೇರಿತು. "ಹೌದಾ ಕಿನ್ನಿ? ನನ್ನ ಮಂಜಿಗೂ ಇದೇ ಹುರಿಯಾ?"

ಕಿನ್ನಿಯಕ್ಕನಿಗೆ ಗೊತ್ತಿತ್ತು: ಬ್ಯಾರಿ ಕೈಬಿಟ್ಟರೆ ಸಂಜೆಯೊಳಗೆ ಇಡೀ ಬಂದರು ಕೈಬಿಡುತ್ತದೆ. ಅವಳು ಸೆರಗು ಬಿಗಿದು, ಚೂರಿ ಹಿಡಿದು ಎದ್ದಳು.

"ಹುರಿ ಸರಿಯೇ ಉಂಟು ಮಾಸ್ಟ್ರೇ. ತುದಿ ಇದ್ದರೆ ಹುರಿ ಅಲ್ಲಿಂದ ತಿರುಗಿ ಬಿಚ್ಚಿ ಹೋಗ್ತದೆ. ಬಳೆ ಮಾಡಿ ತುದಿ ಮುಚ್ಚಿದಿರಿ. ಇನ್ನು ಅದು ಎಲ್ಲಿಗೆ ಹೋಗುವುದು, ನಿಮ್ಮ ತಲೆಗಾ?"

ಒಂದೆಳೆಯನ್ನು ಕಚಕ್ಕೆಂದು ಕತ್ತರಿಸಿದಳು.

"ಅಯ್ಯೋ, ಡಿಎನ್‌ಎ ತುಂಡು ಮಾಡಿದೆಯಲ್ಲ ಮಾರಾಯ್ತಿ!"

"ಒಂದೇ ಎಳೆ. ಇನ್ನೊಂದು ಹಿಡ್ಕೊಂಡು ಉಂಟಲ್ಲ."

ತುಂಡಾದ ತುದಿಯನ್ನು ಇನ್ನೊಂದೆಳೆಯ ಸುತ್ತ ಹಿಮ್ಮುಖವಾಗಿ ತಿರುಗಿಸಿದಳು. ಬಿಗಿ ನಿಟ್ಟುಸಿರಿನಂತೆ ಇಳಿಯಿತು. ಎಳೆಗಳು ಬೇರಾದವು, ಟೈ ಕೂಡ. ತುದಿ ಮತ್ತೆ ಕೂಡಿಸಿ, ಎರಡು ಹಳೇ ಎಳೆಗಳಿಗೂ ಮಾಸ್ಟ್ರು ಮೊದಲೇ ಸಿದ್ಧಮಾಡಿಟ್ಟಿದ್ದ ಬಿಳಿ ಬಳಿದ ಹೊಸ ಎಳೆ ಸುತ್ತಿ, ಕೆಂಪಿಗೆ ಹಸಿರು, ಹಳದಿಗೆ ನೀಲಿ ಸಿಕ್ಕಿಸಿದಳು. ಎರಡು ಬಳೆ! ಪ್ರತಿಯೊಂದರಲ್ಲೂ ಒಂದೆಳೆ ಹಳತು, ಒಂದೆಳೆ ಹೊಸತು.

ಮಾಸ್ಟ್ರು ಕನ್ನಡಕ ತೆಗೆದು, ಎಲ್ಲರಿಗೂ ಕೇಳುವಂತೆ ಹೇಳಿದರು: "ತಪ್ಪು ನನ್ನದು, ಹಗ್ಗದ್ದಲ್ಲ. ಬ್ಯಾಕ್ಟೀರಿಯಾದಲ್ಲಿ ಎಲ್ಲಿಯೋ ಹುರಿ ತಿರುಗಲಿಕ್ಕೆ ಒಂದು ಉಪಾಯ ಇರಬೇಕು ಅಂತ ಮಾತ್ರ ನಾನು ಓದಿದ್ದು. ಇಂಥ ಉಪಾಯ ನನಗೆ ಹೊಳೆಯಲಿಲ್ಲ."

ಚಪ್ಪಾಳೆಗೆ ಕುದ್ರೋಳಿಯವರೆಗೂ ಕಾಗೆಗಳು ಹಾರಿದವು, ಎರಡು ದಿನ ಇಳಿಯಲಿಲ್ಲ.

"ನನ್ನ ಹೊಸ ಮಂಜಿಗೂ ನಿನ್ನ ಹಗ್ಗವೇ, ಕಿನ್ನಿ," ಎಂದರು ಹಾಶಿಂ ಬ್ಯಾರಿ.

ಕಿನ್ನಿಯಕ್ಕ ಚೂರಿ ಒರೆಸಿದಳು. "ಸ್ವಲ್ಪ ಕಾಯಬೇಕು ಸಾಹುಕಾರ್ರೇ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಗಿರಾಕಿ ಸಿಕ್ಕಿದ್ದಾನೆ!"