ತಂಪು ಹೊತ್ತಿನಲ್ಲಿ ಅಳೆದ ಸೆಲ್ಲುಗಳು

ನಮ್ಮ ಬ್ಯಾಟರಿ ಮೇಸ್ತ್ರಿಯವರ ಎಡಗೈ ಹೆಬ್ಬೆರಳಿನ ಉಗುರು ಯಾವಾಗಲೂ ನೀಲಿ. ಮೀಟರಿನಲ್ಲಿ ಕಂಡ ಅಂಕಿಯನ್ನು ಮೊದಲು ಆ ಉಗುರಿನ ಮೇಲೆ ಬರೆದುಕೊಂಡು, ಇನ್ನೊಮ್ಮೆ ಅಳೆದು, ಎರಡೂ ಒಂದೇ ಆದರೆ ಮಾತ್ರ ಸೆಲ್ಲಿನ ಮೈಮೇಲೆ ಬರೆಯುತ್ತಿದ್ದರು. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಅವರದೊಂದು ತಗಡಿನ ಶೆಡ್ಡು. ಔಷಧಿ ಹೊಡೆಯುವ ಪಂಪು, ಸ್ಕೂಟರ್, ಯಾವುದೇ ಇರಲಿ, ಅದಕ್ಕೆ ಬ್ಯಾಟರಿ ಪ್ಯಾಕ್ ಕಟ್ಟಿಕೊಡುತ್ತಿದ್ದರು.

ನನಗೆ ಚಿಕ್ಕಂದಿನಿಂದ ಕಾಲಿನಲ್ಲಿ ಬಲವಿಲ್ಲ. ಎಂಟು ಕಿಲೋಮೀಟರ್ ದೂರದ ಹಳ್ಳಿಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಾಗ ಅಣ್ಣ ದಿನಾ ಬೈಕಿನಲ್ಲಿ ಬಿಡುತ್ತಿದ್ದ. ಪೇಪರ್ ಓದಲು ಬಂದವರೆಲ್ಲ ನೋಡುತ್ತಿರುವಾಗ ಅವನು ನನ್ನನ್ನು ಎತ್ತಿ ಇಳಿಸುವುದೆಂದರೆ ಭೂಮಿಗಿಳಿದು ಹೋಗುವಂತಾಗುತ್ತಿತ್ತು. ಹಳೆಯ ಮೂರು ಗಾಲಿಯ ಎಲೆಕ್ಟ್ರಿಕ್ ಗಾಡಿಯೊಂದು ಸಿಕ್ಕಿತು. ಅದರ ಬ್ಯಾಟರಿ ಸತ್ತಿತ್ತು. ಹೊಸದನ್ನು ಕಟ್ಟಲು ಮೇಸ್ತ್ರಿ ಒಪ್ಪಿಕೊಂಡರು.

ಒಪ್ಪಿಕೊಂಡವರು ಮೂರು ವಾರ ಸತಾಯಿಸಿದರು. ಸೆಲ್ಲುಗಳಿಗೆಲ್ಲ ಚಾರ್ಜ್ ತುಂಬಿ, ಎಂಟು ದಿನ ಮುಟ್ಟದೆ ಇಟ್ಟು, ಯಾವುದು ತಾನಾಗಿಯೇ ಇಳಿಯಿತೆಂದು ನೋಡಬೇಕು. ಆಮೇಲೆ ಪೂರಾ ಖಾಲಿ ಮಾಡಿ ಯಾವುದು ಎಷ್ಟು ಹೊತ್ತು ತಾಳಿತೆಂದು ನೋಡಬೇಕು. ಒಳಗಿನ ವಿದ್ಯುತ್ ತಡೆ ಅಳೆದು ಸರಿಜೋಡಿ ಹುಡುಕಬೇಕು. ಗಂಡು ಹೆಣ್ಣಿನ ಜಾತಕ ಕೂಡಿಸುವವರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ರೇಗಿಸಿದೆ. ಅವರು ನಗಲಿಲ್ಲ.

"ಒಂದು ಸೆಲ್ ಸೋತ್ರ ಇಡೀ ಪ್ಯಾಕ್ ನಿಲ್ತೈತಿ ಯವ್ವಾ. ನಿನಗ ಇಳಿದು ತಳ್ಳಾಕ ಆಗಂಗಿಲ್ಲ" ಎಂದರು.

ನನ್ನ ಕಾಲಿನ ಬಗ್ಗೆ ಇಷ್ಟು ನೇರವಾಗಿ, ಅಯ್ಯೋ ಪಾಪ ಎನ್ನದೆ ಮಾತಾಡಿದವರು ಅವರೊಬ್ಬರೇ. ಹಿತವೆನಿಸಿತು.

ಅಂತೂ ಒಂದು ಭಾನುವಾರ ಗಾಡಿ ಮನೆಗೆ ಬಂತು. ಓಣಿಯಲ್ಲಿ ನಾಲ್ಕು ಸುತ್ತು ಹೊಡೆದು, ನಾಳೆಯಿಂದ ನೀನು ಬರಬೇಡ ಎಂದು ಅಣ್ಣನಿಗೆ ಜಂಬದಿಂದ ಹೇಳಿಯೂ ಆಯಿತು. ಸಂಜೆ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದರು. ಪ್ಯಾಕ್ ವಾಪಸ್ ಒಯ್ಯುತ್ತೇನೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಕೈಲಾಗದಿದ್ದರೆ ಮೊದಲೇ ಹೇಳಬೇಕಿತ್ತು ಎಂದುಬಿಟ್ಟೆ.

"ತಪ್ಪು ನಂದೈತಿ ಯವ್ವಾ. ಮಧ್ಯಾಹ್ನದ ಬಿಸ್ಲಾಗ ಅಳದೀನಿ. ಶೆಡ್ಡಿನ ತಗಡಿಗೆ ಹತ್ತಿಸಿ ಇಟ್ಟಿದ್ದ ಸೆಲ್ಲೆಲ್ಲಾ ಭಾಳ ಚಲೋ ತೋರಿಸ್ಯಾವು. ಅವು ಚಲೋ ಇರಲಿಲ್ಲ, ಬಿಸಿ ಆಗಿದ್ವು."

ಬಿಸಿಯಾದರೆ ಒಳಗಿನ ತಡೆ ಇಳಿದು, ಸೋತ ಸೆಲ್ಲೂ ಗಟ್ಟಿಯಾಗಿ ಕಾಣುತ್ತದಂತೆ. ಬರೆದಿಟ್ಟ ಅಂಕಿಗಳನ್ನು ಮತ್ತೆ ತಿರುವಿ ಹಾಕುವಾಗ ಅದು ಅವರಿಗೆ ಹೊಳೆದಿತ್ತು. ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಬೆಸುಗೆ ಕಿತ್ತು, ಬೆಳಗಿನ ತಂಪಿನಲ್ಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡೇ ಎಲ್ಲವನ್ನೂ ಮತ್ತೆ ಅಳೆದರು. ಆರು ಸೆಲ್ ಸೋತವೆಂದು ಹೊರಗೆ ಬಿದ್ದವು; ಅವುಗಳ ಜಾಗಕ್ಕೆ ಬೇರೆ ಹಾಕಿ ಪ್ಯಾಕ್ ಮತ್ತೆ ಕಟ್ಟಿದರು. ಅದೇ ಪ್ಯಾಕಿನಲ್ಲಿ ಹೋಗಿದ್ದರೆ ಎಂದಾದರೊಂದು ದಿನ ಗಾಡಿ ಏರಿನಲ್ಲಿ ನಿಂತು, ಯಾರಾದರೂ ಬಂದು ನನ್ನನ್ನು ಎತ್ತುವವರೆಗೆ ಕಾಯಬೇಕಾಗುತ್ತಿತ್ತು. ಒಮ್ಮೆ ಹಾಗಾಗಿದ್ದರೆ ನಾನು ಮತ್ತೆ ಗಾಡಿ ಮುಟ್ಟುತ್ತಿರಲಿಲ್ಲ. ನನ್ನ ಹಟವೂ ನನಗೆ ಗೊತ್ತು, ಪುಕ್ಕಲುತನವೂ ಗೊತ್ತು. ಆಡಿದ ಮಾತಿಗೆ ಕ್ಷಮೆ ಕೇಳಿದೆ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆನಲ್ಲ ಎಂದು ಅವರು ಚಹಾ ತರಿಸಿದರು.

ಆಮೇಲೆ ಒಂದು ದಿನವೂ ನಾನು ದಾರಿಯಲ್ಲಿ ನಿಂತದ್ದಿಲ್ಲ. ಆ ಮನುಷ್ಯನಿಗೆ ನಾನು ಎಷ್ಟು ಋಣಿ ಎಂದು ಹೇಳಲು ಬರುವುದಿಲ್ಲ.

ಹೋದ ವರ್ಷ ಉಜ್ಜಿನಿ ದಾರಿಯ ತಮ್ಮ ಊರಿನಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ಗ್ರಂಥಾಲಯದಲ್ಲಿದ್ದೆ. ಅಣ್ಣ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಬೇಡ ಎಂದೆ. ಬಾಗಿಲು ಹಾಕಿ ಗಾಡಿ ಹತ್ತಿದೆ. ಮೇಸ್ತ್ರಿಯವರನ್ನು ಮಣ್ಣು ಮಾಡುವಲ್ಲಿಗೆ ನಾನೊಬ್ಬಳೇ ಗಾಡಿ ಓಡಿಸಿಕೊಂಡು ಹೋದೆ.