ಲಾಂಡ್ರೊಮ್ಯಾಟಿನಲ್ಲಿ ಲಂಗೋಟಿ

ಎಪ್ಪತ್ತರ ದಶಕದ ಮಾತು. ಮೈಸೂರಿನಿಂದ ನ್ಯೂಜೆರ್ಸಿಗೆ ಬಂದ ನಮ್ಮ ಮಾವ ಅಮೆರಿಕದ ಒಳಚಡ್ಡಿ ಮುಟ್ಟಲೇ ಇಲ್ಲ. ಗರಡಿಯಲ್ಲಿ ಪಳಗಿದ ಮೈ, ಲಂಗೋಟಿಯೇ ಆಗಬೇಕು. ಅದನ್ನು ಬಾಲ್ಕನಿಯಲ್ಲಿ ಒಣಹಾಕಿದ್ದಕ್ಕೆ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಂದು ಕೂಗಾಡಿದ ಮೇಲಂತೂ, "ಬಟ್ಟೆ ಒಣಗಿಸೋಕೂ ಬಿಡದ ದೇಶ! ನನಗೆ ವಾಪಸ್ ಟಿಕೆಟ್ ಮಾಡಿಸಮ್ಮ" ಅಂತ ಒಂದೇ ಹಟ.

ಆ ಶನಿವಾರ, ಕಾಸು ಹಾಕಿ ಬಟ್ಟೆ ಒಗೆದು ಒಣಗಿಸಿಕೊಳ್ಳುವ ಲಾಂಡ್ರೊಮ್ಯಾಟಿಗೆ ಅವರನ್ನೂ ಕರೆದುಕೊಂಡು ಹೋದೆ. ಡ್ರೈಯರ್ ಬಾಗಿಲು ತೆಗೆದು, ಉದ್ದನೆಯ ಬಿಳಿ ಲಂಗೋಟಿ ಎಳೆದು ಮಡಚತೊಡಗಿದೆ. ಈ ಊರಲ್ಲಿ ಅದನ್ನು ಇನ್ಯಾರು ಕಟ್ಟುತ್ತಾರೆ? ಅಷ್ಟರಲ್ಲಿ ಒಬ್ಬ ಜಪಾನಿ ಅಜ್ಜ ಓಡಿಬಂದು, "ಮೈನ್! ಮೈನ್!" ಅಂದರು. ನಾನು ತೆಗೆದದ್ದು ಅವರ ಡ್ರೈಯರ್! ಜಪಾನಿನ ಹಳಬರೂ ಲಂಗೋಟಿಯಂಥದ್ದನ್ನೇ ಕಟ್ಟುತ್ತಾರೆಂದು ನನಗೇನು ಗೊತ್ತು? ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಮಾವ ಮಾತ್ರ ಆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಒಳ್ಳೇ ಹತ್ತಿ. ಹ್ಯಾಗೆ ಕಟ್ತೀರಿ?" ಅಂತ ಕನ್ನಡದಲ್ಲೇ ಕೇಳಿದರು. ಅಜ್ಜನಿಗೆ ಅರ್ಥವಾಯಿತು. ಪ್ಯಾಂಟಿನ ಮೇಲೆಯೇ ಕಟ್ಟಿ ತೋರಿಸಿ, ಉಳಿದ ತುದಿಯನ್ನು ಮುಂದೆ ಇಳಿಬಿಟ್ಟರು. "ಅಷ್ಟು ಬಟ್ಟೆ ವೇಸ್ಟು!" ಎಂದ ಮಾವ, ತಮ್ಮದನ್ನು ತಾವು ತೊಟ್ಟಿದ್ದ ಮಗನ ಪ್ಯಾಂಟಿನ ಮೇಲೆ ಬಿಗಿದು, ತುದಿಯನ್ನು ಹಿಂದಕ್ಕೆ ಸಿಕ್ಕಿಸಿ, ತೊಡೆ ತಟ್ಟಿ ನಿಂತರು. ಅಜ್ಜ ಬಿದ್ದು ಬಿದ್ದು ನಕ್ಕರು. ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ಮುಖಕ್ಕೆ ಮ್ಯಾಗಜೀನ್ ಅಡ್ಡ ಹಿಡಿದು, ಅದರ ಮೇಲಿಂದ ಇಣುಕುತ್ತಿದ್ದರು.

ಮುಂದಿನ ಶನಿವಾರ ನಾನು ಏಳುವ ಮುಂಚೆಯೇ ಮಾವ ಬುಟ್ಟಿ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. ಟಿಕೆಟ್ಟಿನ ಸುದ್ದಿಯೇ ಇಲ್ಲ. ಬುಟ್ಟಿಯಲ್ಲಿ ಇಣುಕಿದರೆ, ಇದ್ದದ್ದೆಲ್ಲ ಒಗೆದು ಮಡಚಿಟ್ಟ ಬಟ್ಟೆಯೇ.